ಸಂಡಿಗೆ ಕಿಟಕಿಯ ವಠಾರ

ನನ್ನ ಮೊಮ್ಮಗಳ ವಠಾರವನ್ನು ಆ ಸಲ ನಡುಮೇಜಿನ ಮೇಲಿಟ್ಟುಬಿಟ್ಟರು! ಇದನ್ನು ಮೊದಲು ಹೇಳದಿದ್ದರೆ ಬರೆಯುವ ಕೈ ಮುಂದಕ್ಕೇ ಹೋಗುವುದಿಲ್ಲ.

ವಠಾರ ಎಂದರೆ ರಟ್ಟಿನದು. ನಾವು ಸಿದ್ಧಾರ್ಥನಗರಕ್ಕೆ ಬರುವ ಮೊದಲು ಬಾಡಿಗೆಗಿದ್ದ ಸಾಲುಮನೆಗಳನ್ನು ನನ್ನ ಬಾಯಿಂದ ಕೇಳಿ ಕೇಳಿ ಹಲಗೆಯ ಮೇಲೆ ಕಟ್ಟಿದ್ದಳು. ನಲ್ಲಿ, ಒಗೆಯುವ ಕಲ್ಲು, ತುಳಸಿಕಟ್ಟೆ, ಹಂಚು, ಒಂದೂ ಬಿಟ್ಟಿರಲಿಲ್ಲ. ಊರಿನಲ್ಲಿ ಇಂಥ ಪುಟ್ಟ ಮಾದರಿ ಮಾಡುವವರೆಲ್ಲ ಸೇರಿ ವರ್ಷಕ್ಕೊಮ್ಮೆ ಒಂದು ಕಲ್ಯಾಣ ಮಂಟಪದಲ್ಲಿ ಪ್ರದರ್ಶನ ಇಡುತ್ತಿದ್ದರು. ಹಿಂದಿನ ವರ್ಷ ಇದನ್ನು ಬಾಗಿಲ ಮೂಲೆಗೆ ತಳ್ಳಿದ್ದರು. ಮನೆ ಚೆನ್ನಾಗಿದೆ, ಒಳಗಿಟ್ಟ ದೀಪ ಕಣ್ಣಿಗೆ ಚುಚ್ಚುತ್ತೆ ಅಂದರಂತೆ.

"ಈ ಸಲಾನೂ ಮೂಲೆಗೇ ಹಾಕುದ್ರೆ ಬಿಚ್ಚಿ ಒಲೆಗೆ ಹಾಕ್ಬುಡ್ತೀನಿ ಕಣಜ್ಜಿ" ಅಂದಳು. ಹೇಳಿದ್ದನ್ನು ಮಾಡುವವಳೇ ಅವಳು.

ಚುಚ್ಚುತ್ತಿದ್ದದ್ದೂ ನಿಜ. ಕಡಲೆಕಾಳಿನಷ್ಟು ಬಿಳಿ ಎಲ್‌ಇಡಿ, ಬೆಳಕೆಲ್ಲ ಒಂದೇ ಕಡೆ ನೆಗೆದು ಗೋಡೆಯ ಮೇಲೆ ದುಂಡಗೆ ಬೀಳುತ್ತಿತ್ತು. ಮಿಕ್ಕ ಕೋಣೆ ಕತ್ತಲೆ.

"ಏನೇ ಇದು, ಮನೆಮನೆಗೂ ಕಳ್ಳ ಟಾರ್ಚ್ ಹಿಡ್ಕೊಂಡು ನುಗ್ಗಿದಂಗದೆ!" ಅಂದರು ನಮ್ಮ ಯಜಮಾನರು.

"ನೀನು ಸುಮ್ನಿರು ತಾತ!"

ಉಪ್ಪುಕಾಗದದಲ್ಲಿ ಎಲ್‌ಇಡಿಯ ನುಣುಪಾದ ತಲೆ ಉಜ್ಜಿ ಮಂಕು ಮಾಡಿದಳು. ಬೆಳಕು ಕೊಂಚ ಹರಡಿತು, ಸಾಲಲಿಲ್ಲ. ನಾನು ಎಲೆಗೆ ಹಚ್ಚುವ ಸುಣ್ಣ ಬಳಿದುಕೊಟ್ಟೆ. ಒಣಗಿದ್ದೇ ಚಕ್ಕೆಚಕ್ಕೆಯಾಗಿ ಉದುರಿತು.

"ಅಡಿಕೆಯೊಂದು ಬಾಕಿ ಅಜ್ಜಿ, ಅದ್ನೂ ಇಟ್ಬುಡು" ಅಂತ ನಕ್ಕಳು.

ಆಮೇಲೆ ಎಲ್‌ಇಡಿಯನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸಿದಳು. ಬೆಳಕು ಹಿಂದಿನ ಬಿಳಿಗೋಡೆಗೆ ಬಡಿದು ವಾಪಸು ಬಂದು ಕೋಣೆ ತುಂಬಿತು. ಇನ್ನು ಕಿಟಕಿಗೆ ಗಾಜಿನಂಥದ್ದೊಂದು ಬೇಕಿತ್ತು. ಬಟರ್ ಪೇಪರ್ ಅಂಟಿಸಿದರೆ ಕಾಗದ ಕಾಗದದಂತೆಯೇ ಕಂಡಿತು.

ಅವತ್ತು ತಾರಸಿಯಲ್ಲಿ ಸಬ್ಬಕ್ಕಿ ಸಂಡಿಗೆ ಹಾಕಿದ್ದೆ. ಪ್ಲಾಸ್ಟಿಕ್ ಹಾಳೆಯ ಅಂಚಿಗೆ ಹರಿದ ತೆಳು ಗಂಜಿ ಒಣಗಿ ಪೊರೆಯಾಗಿತ್ತು. ಕಿತ್ತು ಬಿಸಿಲಿಗೆ ಹಿಡಿದೆ. ಪೊರೆ ಇಡಿಯಾಗಿ ಬೆಳಗಿತು! ಮಂಡಿನೋವಿನಲ್ಲಿ ಮೆಟ್ಟಿಲು ಹೇಗೆ ಇಳಿದೆನೋ ಆ ದೇವರಿಗೇ ಗೊತ್ತು.

ಮಾರನೆಯ ದಿನ ಉಪ್ಪು ಖಾರವಿಲ್ಲದ ಗಂಜಿ ಕಾಸಿ ತೆಳ್ಳಗೆ ಬಳಿದೆ. ಒಂದು ಚಿಟಿಕೆ ಅರಿಶಿನ ಹಾಕಿದ್ದು ನನ್ನದೇ ಬುದ್ಧಿ. ಒಣಗಿದ ಪೊರೆಯನ್ನು ಅವಳು ಕತ್ತರಿಸಿ ಕಿಟಕಿಗಳಿಗೆ ಅಂಟಿಸಿ ಸ್ವಿಚ್ ಒತ್ತಿದಳು. ನೀಲಿ ಹೊಡೆಯುತ್ತಿದ್ದ ಬೆಳಕು ಮೆತ್ತಗೆ ಹಳದಿಯಾಗಿ ಕಿಟಕಿಯ ಮೂಲೆಮೂಲೆಗೂ ಹರಡಿತ್ತು. ಯಜಮಾನರು ಬಗ್ಗಿ, ನಮ್ಮ ಮನೆ ಯಾವುದೆಂದು ಹುಡುಕತೊಡಗಿದರು.

ಪ್ರದರ್ಶನದ ದಿನ ಅದನ್ನು ಏರ್ಪಡಿಸಿದವರೇ ಇಬ್ಬರು ಹಲಗೆ ಎತ್ತಿಕೊಂಡು ಹೋಗಿ ನಡುಮೇಜಿಗಿಟ್ಟರು. ಕನ್ನಡಕದವರೊಬ್ಬರು ಕಿಟಕಿಗೆ ಏನು ಹಾಕಿದ್ದೀ ಎಂದು ಕೇಳಿದರು.

"ಸಂಡಿಗೆ ಸಾರ್, ನಮ್ಮಜ್ಜೀದು."

"ಕರುದ್ರೆ ತಿನ್ಬೋದೇನಮ್ಮಾ?"

"ಉಪ್ಪಿಲ್ಲ ಸಾರ್!"

ಅಲ್ಲಿದ್ದವರೆಲ್ಲ ನಕ್ಕರು. ನನಗೆ ಎದೆಯಲ್ಲಿ ಜಾಗವೇ ಸಾಲದು ಅನ್ನಿಸಿತು.

ಅಂದು ಸಂಜೆ ಸೊಸೆ ಮುದ್ದೆ, ಬಸ್ಸಾರು ಮಾಡಿದ್ದಳು. ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತೆವು. ನಾನು ನಡುಮೇಜಿನ ಕತೆಯನ್ನು ಮತ್ತೆ ಮೊದಲಿಂದ ಶುರು ಮಾಡಿದ್ದೆ.

"ಅತ್ತೆ, ಮುದ್ದೆ ಆರೋಗ್ತದೆ, ತಿನ್ಕೊಂಡು ಹೇಳಿ" ಅಂದಳು ಸೊಸೆ.

"ಬರೋ ವರ್ಷಕ್ಕೆ ತುಳಸಿಕಟ್ಟೆಗೂ ದೀಪ ಇಡ್ತೀನಿ" ಅಂದಳು ಮೊಮ್ಮಗಳು, ಬಾಯಿ ತುಂಬ ತುತ್ತು ಇಟ್ಟುಕೊಂಡು.

"ನುಂಗು ಕಣಮ್ಮ ಮೊದ್ಲು" ಅಂತ ನನ್ನ ಮಗ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟ.