ತೇಗದ ದೋಣಿಗೆ ಅಜ್ಜಿ ಹಚ್ಚಿದ ಎಣ್ಣೆ

ಸರ್ಕಾರದವರು ಸೇತುವೆ ಕಟ್ಟಿಸ್ತೀವಿ ಅಂದರು, ಕಟ್ಟಿಸಲಿಲ್ಲ. ಊರಲ್ಲೇ ಆಸ್ಪತ್ರೆ ಅಂದರು, ಅದೂ ಇಲ್ಲ. ಅಣೆಕಟ್ಟಿನ ನೀರು ನಮ್ಮೂರಿನ ದಾರಿ ನುಂಗಿದ ಮೇಲೆ ಕೈಗೆ ಬಂದಿದ್ದು ತೇಗದ ದೋಣಿ ಒಂದೇ.

ಇವತ್ತು ಗುಂಡ್ಲುಪೇಟೆಯಲ್ಲಿ ಬಡಗಿಯೊಬ್ಬರು ಬಾಗಿಲಿಗೆ ಅಗಸೆ ಎಣ್ಣೆ ಉಜ್ಜುತ್ತಿದ್ದರು. ಆ ವಾಸನೆಗೆ ಅಜ್ಜಿ ನೆನಪಾದಳು. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆ ಎಳೆಸಿ, ತೊಳೆದು, ನೆರಳಲ್ಲಿ ಒಣಗಿಸಿ, ಹಳೇ ಸೀರೆಯ ಚೂರಿನಿಂದ ಎಣ್ಣೆ ತಿಕ್ಕುತ್ತಿದ್ದಳು. ಬಿಸಿಲಿಗೆ ಬೂದಿಯಂತಾಗಿದ್ದ ಹಲಗೆ ಮತ್ತೆ ಜೇನಿನ ಬಣ್ಣಕ್ಕೆ ಬರುತ್ತಿತ್ತು.

ಸೇತುವೆಗಾಗಿ ಹೋರಾಟದ ಹುಮ್ಮಸ್ಸಿನಲ್ಲಿದ್ದ ಅಪ್ಪ ಒಮ್ಮೆ ರೇಗಿದ: "ಬುಡವ್ವ, ಕೊಳೀಲಿ. ದೋಣಿ ಗಟ್ಟಿಯಾಗಿದ್ರೆ ಸೇತುವೆ ಯಾವನ್ ಕಟ್ಟಿಸ್ತಾನೆ?"

ಅಜ್ಜಿ ತಲೆ ಎತ್ತಲಿಲ್ಲ. "ನಿನ್ ಎಡ್ತಿ ತುಂಬಿದ ಬಸ್ರಿ ಕಣ್ಲಾ. ನೋವು ಬಂದ್ರೆ ನಿನ್ ಭಾಷಣದ್ ಮ್ಯಾಲೆ ಕೂರಿಸ್ಕಂಡು ಆಸ್ಪತ್ರೆಗೆ ಓಯ್ತಿಯಾ?"

ಅಪ್ಪ ಗೊಣಗುತ್ತಲೇ ಬಟ್ಟೆ ತಗೊಂಡ. ತಂಗಿ ಹುಟ್ಟಿದ ದಿನ ಅವ್ವನನ್ನು ದಾಟಿಸಿದ್ದು ಅದೇ ದೋಣಿ.

ಸೇತುವೆ ಇನ್ನೂ ಬಂದಿಲ್ಲ. ನಮ್ಮ ಹೋರಾಟದ ಮುಂದಿನ ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ದಡದಲ್ಲೇ. ಎಂಟಕ್ಕೇ ಬರುವವರು ಹಳೇ ಬಟ್ಟೆ ತನ್ನಿ. ಮೊದಲು ದೋಣಿಗೆ ಎಣ್ಣೆ ಹಚ್ಚಬೇಕು.