ಖಾತೂನ್ ಬೀ ಓದಿದ ಸ್ಕೂಟರಿನ ಕತೆ

ಚಳ್ಳಕೆರೆಯಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಒಂದಷ್ಟು ಜನ ತಾವು ಬರೆದದ್ದನ್ನು ತಂದು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ನಿಂತುಹೋದ ಎಣ್ಣೆ ಮಿಲ್ಲೊಂದರ ಮಹಡಿಯ ಕೋಣೆ ಅವರ ಜಾಗ. ಗೋಡೆಗೆ ಇನ್ನೂ ಕಡಲೆಹಿಂಡಿಯ ವಾಸನೆ ಅಂಟಿಕೊಂಡಿದೆ. ಓದುವವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕೇಳುವವರು ಜಮಖಾನದ ಮೇಲೆ. ಓದು ಮುಗಿದ ಮೇಲೆ ಚಹಾ, ಆಮೇಲೆ ಜಗಳ. ಜಗಳವೆಂದರೆ ಚರ್ಚೆಯೇ, ಆದರೆ ಕೆಳಗಿನ ಟೈರ್ ಅಂಗಡಿಯವರಿಗೆ ಜಗಳದ ಹಾಗೆಯೇ ಕೇಳಿಸುತ್ತದೆ.

ಖಾತೂನ್ ಬೀ ಈ ಕೂಟಕ್ಕೆ ಬರತೊಡಗಿ ಬಹಳ ವರ್ಷಗಳಾಗಿದ್ದವು. ಆದರೆ ಒಮ್ಮೆಯೂ ಆ ಕುರ್ಚಿಯಲ್ಲಿ ಕೂತು ಓದಿರಲಿಲ್ಲ. ಕತೆ ಅವಳದು, ಓದುವವರು ಪ್ರೇಮಲತಾ ಟೀಚರು.

ಅವಳು ಹುಟ್ಟಿದ್ದು ತಳಕಿನಲ್ಲಿ. ಮನೆಮಾತು ಉರ್ದು, ಓದಿದ್ದು ಕನ್ನಡ ಶಾಲೆ, ಅದೂ ಏಳನೇ ಕ್ಲಾಸಿನ ತನಕ. ಆಮೇಲೆ ಚಳ್ಳಕೆರೆಯ ಮೆಕ್ಯಾನಿಕ್ ಶರೀಫ್ ಸಾಬ್ ಜೊತೆ ಮದುವೆಯಾಯಿತು. ಮಗಳು ಸಾನಿಯಾ ಶಾಲೆಗೆ ಹೋಗತೊಡಗಿದಾಗ ತಾಯಿಗೆ ಮತ್ತೆ ಪುಸ್ತಕ ಸಿಕ್ಕಿತು. ಮಗಳು ಮಲಗಿ ಏಳುವುದರೊಳಗೆ ಅವಳ ಕನ್ನಡ ಪಾಠಗಳನ್ನೆಲ್ಲ ತಾನು ಓದಿಬಿಡುತ್ತಿದ್ದಳು. ಸಾನಿಯಾ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಜ್ವರ ಬಂತು. ಮರುದಿನ 'ನಮ್ಮ ಬೀದಿ' ಎಂದು ಪ್ರಬಂಧ ಒಪ್ಪಿಸಬೇಕಿತ್ತು. ಮಗಳಿಗೆ ಪೆಟ್ಟು ಬೀಳಬಾರದೆಂದು ಖಾತೂನ್ ಬೀಯೇ ಕೂತು ಬರೆದುಕೊಟ್ಟಳು. ಬೀದಿಯ ನಾಯಿ, ನಲ್ಲಿಯ ಮುಂದಿನ ಕೊಡಗಳು, ಗಂಡನ ಅಂಗಡಿಯ ಮುಂದೆ ಬಿಚ್ಚಿ ಹರಡಿದ ಇಂಜಿನುಗಳು ಎಲ್ಲ ಅದರಲ್ಲಿ ಬಂದವು. ಎರಡು ದಿನ ಬಿಟ್ಟು ಕನ್ನಡ ಟೀಚರು ಪ್ರೇಮಲತಾ ಆ ಹಾಳೆ ಹಿಡಿದು ಮನೆಗೇ ಬಂದರು.

"ಇದನ್ನ ಬರೆದೋರು ಯಾರು?"

ಖಾತೂನ್ ಬೀ ಸೆರಗಿಗೆ ಕೈ ಒರೆಸಿಕೊಂಡಳು. "ತಪ್ಪಾಯ್ತು ಟೀಚರ್, ಮಗೀಗೆ ಜ್ವರ ಇತ್ತು."

"ತಪ್ಪು ಆಮೇಲೆ ನೋಡೋಣ. ಇನ್ನೂ ಏನಾದ್ರೂ ಬರೆದಿದ್ದೀರಾ?"

ಕೂಟದ ಬಾಗಿಲು ಹಾಗೆ ತೆರೆಯಿತು. ಮೊದಲ ದಿನ ಖಾತೂನ್ ಬೀ ಕುರ್ಚಿಯಲ್ಲಿ ಕೂತು ಹಾಳೆ ಬಿಡಿಸಿದವಳು, ಒಂದು ಸಾಲೂ ಓದದೆ ಮತ್ತೆ ಮಡಿಸಿಬಿಟ್ಟಳು. ಪ್ರೇಮಲತಾ ಮೆಲ್ಲನೆ ಹಾಳೆ ತೆಗೆದುಕೊಂಡು ತಾವೇ ಓದಿದರು. ಅವರದು ಶಾಲೆಯ ಪ್ರಾರ್ಥನೆಯನ್ನು ಮೂವತ್ತು ವರ್ಷ ನಡೆಸಿದ ದನಿ. ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತಿತ್ತು. ಅಂದಿನಿಂದ ಅದೇ ಪದ್ಧತಿಯಾಯಿತು. ಖಾತೂನ್ ಬೀ ಬರೆಯುವಳು, ಟೀಚರು ಕಾಗುಣಿತ ತಿದ್ದಿ, ಅಲ್ಲಲ್ಲಿ ಮಾತು ನೇರ್ಪುಗೊಳಿಸಿ, ಚೆಂದದ ಅಕ್ಷರದಲ್ಲಿ ಪ್ರತಿ ಮಾಡಿಕೊಂಡು ಓದುವರು.

ಅದರಲ್ಲಿ ಒಂದು ತೊಡಕಿತ್ತು. ಖಾತೂನ್ ಬೀ ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳು ನಗುತ್ತಾ ಬರೆದ ಕತೆಗಳನ್ನು ಕೇಳಿ ಜನ ಅಳುತ್ತಿದ್ದರು.

ಸ್ಕೂಟರಿನ ಕತೆಗೂ ಹಾಗೆಯೇ ಆಯಿತು. ಅದು ಅವರ ಮನೆಯಲ್ಲೇ ನಡೆದದ್ದು. ಖಾತೂನ್ ಬೀಯ ಮಾವನ ಬಳಿ ಒಂದು ಹಳೆಯ ಸ್ಕೂಟರಿತ್ತು. ಮಾವ ಬೆಳಿಗ್ಗೆ ಅದರ ಮುಂದೆ ನಿಂತು ಬಾಯ್ತುಂಬ ಬೈದು ಒಂದು ಒದೆ ಕೊಟ್ಟರೆ ಹೊರಡುತ್ತಿತ್ತು. ಬೇರೆ ಯಾರಿಗೂ ಬಗ್ಗುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅದು ಪೂರಾ ಮುಷ್ಕರ ಹೂಡಿತು. ಮಗನೇ ಮೆಕ್ಯಾನಿಕ್, ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನು, ಸ್ವಂತ ಅಂಗಳದ ಗಾಡಿಯ ಮುಂದೆ ಸೋತು ಕೂತ. ಬೀದಿಯ ಗಂಡಸರೆಲ್ಲ ಸರದಿಯ ಮೇಲೆ ಬಂದು ಒದ್ದು, ಬೆವತು, ಒಂದೊಂದು ಸಲಹೆ ಕೊಟ್ಟು ಹೋದರು. ಅತ್ತೆ ಇದ್ದತ್‌ನಲ್ಲಿದ್ದರು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆಯೊಳಗೇ ಇರಬೇಕಾದ ಕಾಲ ಅದು. ಅಷ್ಟೂ ದಿನ ಅವರು ಒಳಗೆ ಕೂತು ಆ ಒದೆತಗಳ ಸದ್ದು ಕೇಳಿದರು. ಇದ್ದತ್ ಮುಗಿದ ಬೆಳಿಗ್ಗೆ ಹೊಸ್ತಿಲು ದಾಟಿ ನೆಟ್ಟಗೆ ಸ್ಕೂಟರಿನ ಮುಂದೆ ಹೋಗಿ ನಿಂತರು. ಥೇಟ್ ಗಂಡನ ಹಾಗೆಯೇ ಬೈದರು. ಶರೀಫ್ ಸಾಬ್ ಓಡಿಬಂದು ಒಂದು ಒದೆ ಕೊಟ್ಟ. ಗಾಡಿ ಹೊರಟಿತು.

"ನಾನು ಹಿಂದಿನ ಸಂಜೇನೇ ಪ್ಲಗ್ ಬಿಚ್ಚಿ ತೊಳ್ದು ಹಾಕಿದ್ದೆ," ಎಂದು ಶರೀಫ್ ಸಾಬ್ ಈಗಲೂ ಹೇಳುತ್ತಾನೆ. "ಅದನ್ನೂ ಬರಿ."

"ಅದನ್ನ ಬರ್ದ್ರೆ ಕತೆ ಅಂಗಡಿ ಬಿಲ್ ಆಗ್ತೈತೆ," ಎಂದು ಖಾತೂನ್ ಬೀ ಬರೆದಿರಲಿಲ್ಲ.

ಪ್ರೇಮಲತಾ ಅದನ್ನು ಮಿಲ್ಲಿನ ಕೋಣೆಯಲ್ಲಿ ಓದಿದ ದಿನ ಸ್ಕೂಟರು ಅನಾಥ ಮಗುವಿನಂತೆ ಅಂಗಳದಲ್ಲಿ ನಿಂತಿತು. ಗಂಡಸರು ಒದ್ದಾಗ ಟೀಚರ ದನಿ ನಡುಗಿತು. ಅತ್ತೆ ಹೊಸ್ತಿಲು ದಾಟುವಾಗ ಬೊಮ್ಮಲಿಂಗಪ್ಪ ಟವೆಲ್ಲಿನಿಂದ ಕಣ್ಣೊತ್ತಿಕೊಂಡರು. ಅವರು ನಿವೃತ್ತ ಬಸ್ ಕಂಡಕ್ಟರು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಬಸ್ಸಿನ ಮೇಲೆ ಸ್ಟಾಪಿಗೊಂದು ಅಧ್ಯಾಯದಂತೆ ಕಾದಂಬರಿ ಬರೆಯುತ್ತಿದ್ದು, ವರ್ಷಗಟ್ಟಲೆ ಬರೆದರೂ ಬಿ.ಜಿ. ಕೆರೆ ಎಂಬ ಸ್ಟಾಪು ದಾಟಿರಲಿಲ್ಲ. "ಎಂಥಾ ದುಃಖ ಅಮ್ಮಾ ನಿಂದು," ಎಂದು ಅವರು ಖಾತೂನ್ ಬೀಗೆ ಕೈಮುಗಿದರು. ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. ಬೇಸರವೇನಲ್ಲ. ತನ್ನ ಮಾತು ಕೇಳಿ ಇಷ್ಟು ಜನ ಸುಮ್ಮನೆ ಕೂರುತ್ತಾರಲ್ಲ ಎಂಬ ಸಂತೋಷವೇ ದೊಡ್ಡದಿತ್ತು. ಆದರೂ ಮನೆಗೆ ಹೋಗುವ ದಾರಿಯಲ್ಲಿ, ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದಂತೆ ಏನೋ ಒಂಥರಾ ಅನಿಸುತ್ತಿತ್ತು.

ಕಳೆದ ಮಾಗಿಯಲ್ಲಿ ಕೂಟ ಒಮ್ಮೆ ಮೊಳಕಾಲ್ಮೂರಿಗೆ ಹೋಯಿತು. ಅಲ್ಲಿನ ದಾಸಣ್ಣ ಮಗ್ಗ ನೇಯುವವನು, ಪದ್ಯ ಬರೆಯುವವನು. ಮನೆಯಲ್ಲಿ ತೆಲುಗು, ಪದ್ಯದಲ್ಲಿ ಕನ್ನಡ. "ಯಾವಾಗ್ಲೂ ನಾನೇ ಬರ್ಬೇಕಾ? ಒಂದ್ಸಲ ನೀವೂ ಬರ್ರಿ. ಸ್ಕೂಟರಿನ ಕತೆ ತರ್ರಿ. ಆವತ್ತು ನಾನಿರ್ಲಿಲ್ಲ. ಅದು ಕಣ್ಣೀರು ತರ್ಸೋ ಕತೆ ಅಂತ ಕೇಳಿ ನಮ್ಮವ್ವ ಕಾಯ್ತಾವ್ಳೆ," ಎಂದು ಫೋನಿನಲ್ಲಿ ಕರೆದಿದ್ದ.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಪ್ರೇಮಲತಾ ಟೀಚರನ್ನು ನೋಡಿ ಎಲ್ಲರೂ ಗಾಬರಿಯಾದರು. ಎಡಗೆನ್ನೆ ಬನ್ನಿನಂತೆ ಊದಿತ್ತು. ಹಿಂದಿನ ದಿನ ದವಡೆ ಹಲ್ಲು ಕೀಳಿಸಿದ್ದರು.

"ನಾನ್ ಓಧ್ಥೀನಿ," ಎಂದರು ಟೀಚರು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ.

"ಓದೋದಿರ್ಲಿ, ಮೊದ್ಲು ಬಾಯಿ ಮುಚ್ಕಳ್ರಿ, ಗಾಳಿ ಹೋಗ್ತೈತೆ," ಎಂದರು ಬೊಮ್ಮಲಿಂಗಪ್ಪ. ತಮ್ಮ ಹಳೆಯ ಹಾದಿಯ ಬಸ್ಸು ಹತ್ತಿದ ಖುಷಿಯಲ್ಲಿ ಅವರು ತಳಕು ಬಂದಾಗ ತಳಕು ಎಂದೂ, ಹಾನಗಲ್ ಕ್ರಾಸ್ ಬಂದಾಗ ಹಾನಗಲ್ ಎಂದೂ ಕೂಗುತ್ತಲೇ ಇದ್ದರು. ನಿಜವಾದ ಕಂಡಕ್ಟರ್ ಹುಡುಗಿ ನಕ್ಕು, ಆ ಕೆಲಸವನ್ನು ಅವರಿಗೇ ಬಿಟ್ಟಳು.

ದಾಸಣ್ಣನ ಮನೆಯ ನಡುಮನೆಯೆಲ್ಲ ಮಗ್ಗ. ಅದರ ಮೇಲೆ ನವಿಲುಗತ್ತಿನ ಬಣ್ಣದ ಸೀರೆಯೊಂದು ಅರ್ಧ ನೇಯ್ದು ನಿಂತಿತ್ತು. ಉಳಿದ ಜಾಗದಲ್ಲಿ ಚಾಪೆ ಹಾಸಿದ್ದರು. ಅವನ ತಾಯಿ ಯರ್ರಮ್ಮ ಮೂಲೆಯಲ್ಲಿ ಕೂತು ರಾಟೆಯಲ್ಲಿ ರೇಷ್ಮೆ ಎಳೆ ಸುತ್ತುತ್ತಿದ್ದರು. "ಕತೆ ಶುರುವಾದ್ರೆ ನಿಲ್ಲಿಸ್ತೀನಿ," ಎಂದು ಮೊದಲೇ ಭರವಸೆ ಕೊಟ್ಟರು.

ದಾಸಣ್ಣನ ಪದ್ಯ ಆಯಿತು. ಬೊಮ್ಮಲಿಂಗಪ್ಪನವರ ಬಿ.ಜಿ. ಕೆರೆ ಸ್ಟಾಪೂ ಆಯಿತು. ಆಮೇಲೆ ಪ್ರೇಮಲತಾ ತಮ್ಮ ಪ್ರತಿಯನ್ನು ಬಿಡಿಸಿ ಒಂದು ಸಾಲು ಓದಿದರು. ಒಂದಕ್ಷರವೂ ಯಾರಿಗೂ ತಿಳಿಯಲಿಲ್ಲ. ಮತ್ತೆ ಓದಿದರು. ನೋವಿಗೆ ಕಣ್ಣಲ್ಲಿ ನೀರು ಬಂತು. ಹಾಳೆಗಳನ್ನು ಖಾತೂನ್ ಬೀಯ ಮಡಿಲಲ್ಲಿಟ್ಟು, ಓದಿ ಎಂದು ಕೈಸನ್ನೆ ಮಾಡಿದರು.

"ನನ್ ಕೈಲಾಗಲ್ಲ ಟೀಚರ್."

"ಓದಮ್ಮಾ," ಎಂದರು ಮೂಲೆಯಿಂದ ಯರ್ರಮ್ಮ. "ಕೆಲ್ಸ ಬಿಟ್ಟು ಕೂತೀನಿ."

ರಾಟೆ ನಿಜಕ್ಕೂ ನಿಂತಿತ್ತು. ಖಾತೂನ್ ಬೀ ಓದತೊಡಗಿದಳು. ಮೊದಲ ಪುಟ ಹೇಗೆ ಮುಗಿಯಿತೋ ಅವಳಿಗೇ ತಿಳಿಯದು. ದನಿ ಚಾಪೆಯ ಅಂಚನ್ನೂ ದಾಟಲಿಲ್ಲ. ಟೀಚರು ಎಲ್ಲಿ ನಿಲ್ಲುತ್ತಿದ್ದರೋ ಅಲ್ಲೇ ನಿಂತಳು, ಎಲ್ಲಿ ಎಳೆಯುತ್ತಿದ್ದರೋ ಅಲ್ಲೇ ಎಳೆದಳು. ಬೊಮ್ಮಲಿಂಗಪ್ಪ ಟವೆಲ್ ತೆಗೆದು ತೊಡೆಯ ಮೇಲೆ ಸಿದ್ಧವಾಗಿ ಇಟ್ಟುಕೊಂಡರು.

ಎರಡನೇ ಪುಟದಲ್ಲಿ ಮಾವ ಸ್ಕೂಟರನ್ನು ಬೈಯುವ ಮಾತು ಬಂತು. ಟೀಚರ ಪ್ರತಿಯಲ್ಲಿ 'ಏಳಯ್ಯಾ ಸೋಮಾರಿ' ಎಂದಿತ್ತು. ಖಾತೂನ್ ಬೀ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಆ ಮನುಷ್ಯ ಬದುಕಿದ್ದಾಗ ಯಾರಿಗೂ ಅಯ್ಯಾ ಎಂದವರಲ್ಲ. ಬಿಳಿ ಗಡ್ಡ, ಒಂದು ಕೈಯಲ್ಲಿ ಹೆಲ್ಮೆಟ್ಟು, ಬೀದಿಯ ಕೊನೆಯವರೆಗೂ ಕೇಳುವ ಗಂಟಲು, ಎಲ್ಲ ಅವಳ ಕಣ್ಣ ಮುಂದೆ ಬಂತು. ಅವಳು ಹಾಳೆಯಿಂದ ತಲೆ ಎತ್ತಿದಳು.

"ಉಠ್ ರೇ ಕಾಮ್‌ಚೋರ್! ಕುಡಿಯೋಕೆ ಪೆಟ್ರೋಲ್ ಬೇಕು, ಕೆಲ್ಸಕ್ಕೆ ಕರದ್ರೆ ಕೆಮ್ಮು ಬರ್ತೈತಾ ನಿಂಗೆ?"

ಮೂಲೆಯಲ್ಲಿ ಯರ್ರಮ್ಮ ಖೊಕ್ಕೆಂದು ನಕ್ಕರು.

ಎಲ್ಲರೂ ಅತ್ತ ತಿರುಗಿದರು. ಯರ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಹೆಗಲು ಕುಣಿಯುತ್ತಿತ್ತು. "ನಮ್ಮ ಯಜಮಾನ್ರೂ ಮಗ್ಗಾನ ಹಿಂಗೇ ತಿಟ್ಟೋರು," ಎಂದರು, ಬೈಗುಳಕ್ಕೆ ತೆಲುಗಿನ ಮಾತು ಬಳಸಿ. "ಓದು ತಲ್ಲೀ, ಓದು."

ಆಮೇಲೆ ಖಾತೂನ್ ಬೀಗೆ ಹಾಳೆ ಬೇಕಾಗಲಿಲ್ಲ. ಬೀದಿಯ ಗಂಡಸರು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಿಗೂ ಅವರವರದೇ ದನಿ ಸಿಕ್ಕಿತು. ಪಂಚೆ ಎತ್ತಿ ಕಟ್ಟಿ ಒದ್ದವರು, ಬಿಸ್ಮಿಲ್ಲಾ ಎಂದು ಒದ್ದವರು, ಒದೆಯದೆ ಬರೀ ಸುತ್ತ ತಿರುಗಿ "ಕಾರ್ಬೊರೇಟರ್" ಎಂದಷ್ಟೇ ಹೇಳಿ ಹೋದವರು. ದಾಸಣ್ಣ ಮಗ್ಗದ ಕಂಬ ಹಿಡಿದು ನಕ್ಕ. ಪ್ರೇಮಲತಾ ನಗಲು ಹೋಗಿ ಕೆನ್ನೆ ಹಿಡಿದುಕೊಂಡು "ಅಮ್ಮಾ" ಎಂದರು. ಅದಕ್ಕೂ ಜನ ನಕ್ಕರು.

ಅತ್ತೆ ಹೊಸ್ತಿಲು ದಾಟಿದರು. ಖಾತೂನ್ ಬೀ ದನಿಯನ್ನು ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಮನೆಯಲ್ಲಿ ನಡೆದದ್ದನ್ನು ಪಕ್ಕದ ಮನೆಯವರಿಗೆ ಹೇಳುವಂತೆ ಹೇಳಿದಳು.

"ಉಠ್ ರೇ ಕಾಮ್‌ಚೋರ್! ಅವ್ರು ಹೋದ್ರು ಅಂತ ನೀನೂ ಹೋಗ್ತೀಯಾ? ಮನೇಲಿ ಇನ್ನೂ ಜನ ಅವ್ರೆ. ಎದ್ದೇಳು."

ಯರ್ರಮ್ಮ ನಗುತ್ತಲೇ ಇದ್ದರು, ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಸೆರಗಿನ ತುದಿಯಿಂದ ಮೂಗೊರೆಸಿಕೊಂಡರು. ಸ್ಕೂಟರು ಹೊರಟಾಗ ಮತ್ತೆ ನಕ್ಕರು.

ಚಹಾ ಬಂತು. ಮೊದಲು ಬಾಯಿ ತೆರೆದವರು ಬೊಮ್ಮಲಿಂಗಪ್ಪ. ಟವೆಲ್ ಹಾಗೇ ಮಡಿಸಿದಂತೆ ತೊಡೆಯ ಮೇಲಿತ್ತು. "ಇದೇ ಕತೆ ಕೇಳಿ ನಾನು ಅತ್ತಿದ್ದೆ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ, ಅದೇ ಕತೆ. ಹಂಗಾದ್ರೆ ಕತೆ ಎಲ್ಲೈತೆ? ಹಾಳೆ ಮೇಲೈತಾ, ಓದೋರ ಗಂಟ್ಲಲ್ಲೈತಾ?"

"ಅಕ್ಷರ ಹೆಚ್ಚುಕಮ್ಮಿ ಐತೆ," ಎಂದ ದಾಸಣ್ಣ. "ಆ ಬೈಗುಳ ಅದರೊಳಗೆ ಬರ್ದಿತ್ತಾ?"

"ನಾನು ಬರ್ದಿದ್ದೆ," ಎಂದಳು ಖಾತೂನ್ ಬೀ, ತಗ್ಗಿದ ದನಿಯಲ್ಲಿ. "ಟೀಚರ್ ಅದನ್ನ ಕನ್ನಡ ಮಾಡಿದ್ರು. ತಪ್ಪಲ್ಲ. ಓದೋರಿಗೆ ತಿಳೀಲಿ ಅಂತ."

"ನಮ್ಮವ್ವನಿಗೆ ಉರ್ದು ಬರಲ್ಲ, ಆದ್ರೂ ತಿಳೀತಲ್ಲ," ಎಂದ ದಾಸಣ್ಣ. ಅಲ್ಲಿಂದ ಮಾತು ಬೆಳೆಯಿತು. ಮನೆಮಾತು ಒಂದಾಗಿ ಬರವಣಿಗೆ ಇನ್ನೊಂದಾದರೆ ಬೈಗುಳ ಯಾವುದರಲ್ಲಿ ಬರೆಯಬೇಕು, ಜೋಗುಳ ಯಾವುದರಲ್ಲಿ? ನಗಿಸಬೇಕೆಂದು ಬರೆದರೆ ನಗು ಬರುತ್ತದೆಯೇ? "ನಗಿಸ್ಬೇಕು ಅಂತ ನಾನು ಬರ್ದಿಲ್ಲ," ಎಂದಳು ಖಾತೂನ್ ಬೀ. "ಅಳಿಸ್ಬೇಕು ಅಂತಾನೂ ಬರ್ದಿಲ್ಲ. ಅತ್ತೆ ಹಂಗೇ ಅಂದ್ರು, ಹಂಗೇ ಬರ್ದೆ. ಬರೀವಾಗ ನಂಗೆ ನಗು ಬಂದಿತ್ತು, ಅಷ್ಟೆ." ಬೊಮ್ಮಲಿಂಗಪ್ಪ ತಮ್ಮ ಕಾದಂಬರಿಯಲ್ಲಿ ಪ್ರಯಾಣಿಕರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆಂದು ತಾವಾಗಿಯೇ ಒಪ್ಪಿಕೊಂಡರು. ಆಮೇಲೆ ಅದನ್ನು ಬೇರೆಯವರೂ ಒಪ್ಪಿಬಿಟ್ಟದ್ದಕ್ಕೆ ಸಿಟ್ಟಾದರು.

ಇಷ್ಟರಲ್ಲೂ ಪ್ರೇಮಲತಾ ಮಾತಾಡಿರಲಿಲ್ಲ. ಹಲ್ಲಿನ ನೋವೆಂದು ಎಲ್ಲರೂ ಅಂದುಕೊಂಡರು. ಖಾತೂನ್ ಬೀ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬಂಡೆಗುಡ್ಡಗಳ ಮೇಲೆ ಸಂಜೆಯ ಬಿಸಿಲು ಕೆಂಪಾಗಿತ್ತು. ಬಿ.ಜಿ. ಕೆರೆ ದಾಟಿದ ಮೇಲೆ ಟೀಚರು ಹತ್ತಿ ಉಗಿದು ಬಾಯಿ ತೆರೆದರು. ಮಾತು ಸ್ವಲ್ಪ ಸರಿಯಾಗಿತ್ತು.

"ಇಷ್ಟು ವರ್ಷ ನಾನು ತಪ್ಪು ಓದಿದ್ದೀನಿ. ನೀವ್ಯಾಕೆ ಒಂದು ಮಾತು ಹೇಳ್ಲಿಲ್ಲ?"

ಖಾತೂನ್ ಬೀ ಕಿಟಕಿಯ ಸರಳು ಹಿಡಿದುಕೊಂಡಳು. "ಎಲ್ರೂ ಅಷ್ಟು ಚೆನ್ನಾಗಿ ಅಳ್ತಿದ್ರು ಟೀಚರ್. ನಡುವೆ ಎದ್ದು ನಿಲ್ಲಿಸ್ರಿ ಅನ್ನೋದು ಹೆಂಗೆ?"

ಪ್ರೇಮಲತಾ ಅವಳ ಮುಖವನ್ನೇ ನೋಡಿದರು. ನಗು ಬಂತು. ಕೆನ್ನೆ ಹಿಡಿದುಕೊಂಡು, "ನಗಿಸಬೇಡ್ರೀ, ನೋಯುತ್ತೆ," ಎಂದು ಅವಳ ಹೆಗಲಿಗೆ ತಲೆಯಾನಿಸಿದರು. ತಳಕು ಬರುವುದರೊಳಗೆ ಅವರಿಗೆ ನಿದ್ದೆ ಹತ್ತಿತ್ತು. ಖಾತೂನ್ ಬೀ ಹೆಗಲು ಅಲ್ಲಾಡಿಸದೆ, ತನ್ನ ತವರಿನ ಅಂಗಡಿಗಳ ದೀಪ ಒಂದೊಂದಾಗಿ ಹತ್ತುವುದನ್ನು ನೋಡುತ್ತಾ ಕೂತಳು. ಮೈ ಹಗುರವಾಗಿತ್ತು.

ಈಗ ಅವಳ ಕತೆಗಳನ್ನು ಅವಳೇ ಓದುತ್ತಾಳೆ. ಕಾಗುಣಿತ ಮಾತ್ರ ಟೀಚರೇ ನೋಡುತ್ತಾರೆ, ಮಾತಿನ ತಂಟೆಗೆ ಹೋಗುವುದಿಲ್ಲ, ಹೋಗಬೇಕೆನಿಸಿದರೆ ಕೇಳಿ ಹೋಗುತ್ತಾರೆ. ಬರೆಯುವ ಮೊದಲು ಖಾತೂನ್ ಬೀ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಎಲ್ಲರ ಮಾತನ್ನೂ ಬಾಯಿಬಿಟ್ಟು ಆಡಿ ನೋಡುತ್ತಾಳೆ. ಪಕ್ಕದ ಮನೆಯ ಪಾತಮ್ಮ ಒಮ್ಮೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಯಾರವ್ವ ಬಂದವ್ರೆ ಮನೆಗೆ?" ಎಂದು ಕೇಳಿದ್ದಳು.

"ಇನ್ನೂ ಯಾರಂತ ಗೊತ್ತಿಲ್ಲ," ಎಂದಳು ಖಾತೂನ್ ಬೀ. "ಮಾತಾಡ್ತಾವ್ರೆ, ಕೇಳ್ತಿದ್ದೀನಿ."

ಮೊನ್ನೆಯ ಭಾನುವಾರ ಪ್ರೇಮಲತಾ ಬಹಳ ದಿನಗಳ ಮೇಲೆ ತಮ್ಮದೇ ಒಂದು ಬರಹ ತಂದಿದ್ದರು, ಶಾಲೆಯ ಕೊನೆಯ ದಿನದ ಬಗ್ಗೆ. ಕುರ್ಚಿಯಲ್ಲಿ ಕೂತು ಎರಡು ಸಾಲು ಓದಿ, ನಿಲ್ಲಿಸಿ, ಖಾತೂನ್ ಬೀಯ ಕಡೆ ನೋಡಿದರು.

"ಎಳೀತಿದ್ದೀನಾ?"

"ಸ್ವಲ್ಪ," ಎಂದಳು ಖಾತೂನ್ ಬೀ.

ಟೀಚರು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದತೊಡಗಿದರು.