ಎಡಕ್ಕೆ ನಾಲ್ಕು, ಬಲಕ್ಕೆ ಎರಡು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಬಾದಾಮಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಇಮಾಮಹುಸೇನ ತನ್ನ ಗ್ಯಾರೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಬೈಕಿನ ಹಿಂಭಾಗದ ಮಣ್ಣು ಒರೆಸುತ್ತಿದ್ದ. ಗಾಡಿ ಗುಳೇದಗುಡ್ಡದ ನೇಕಾರ ಹೊಳಬಸಪ್ಪನದು. ಗಿರಾಕಿ ಹುಡುಕಿ ಮಾರಿಸಿಕೊಡಲೆಂದು ಅವನೇ ತಂದು ನಿಲ್ಲಿಸಿದ್ದ.

“ಯಾಕ್ರಿ ಹೊಳಬಸಪ್ಪಣ್ಣ? ಗಾಡಿ ಗಟ್ಟಿ ಐತೆಲ್ಲ?”

“ಗಾಡಿ ಗಟ್ಟಿ ಐತೋ ಮಾರಾಯ, ನಮ್ಮ ಹುಡುಗಿ ಕೈ ಗಟ್ಟಿಲ್ಲ. ನೀನ ಹೇಳಿದ್ದೆಲ್ಲ? ಮೊನ್ನಿ ಮಹಾಕೂಟದ ಕಡೆ ತಿರುವಿನಾಗ ಬಿದ್ದಾಳ. ಮೊಣಕಾಲು ಕಿತ್ತೇತಿ. ಸಾಕಿನ್ನ. ಬಸ್ಸಿನಾಗ ಗಂಟು ಹೊರಲಿ, ಇಲ್ಲಾ ಮನ್ಯಾಗ ಕುಂದರಲಿ.”

ಹುಡುಗಿ ಎಂದರೆ ಅವನ ಮಗಳು ಐಶ್ವರ್ಯ. ಮನೆಯ ಮಗ್ಗದಲ್ಲಿ ನೇಯ್ದ ಖಣದ ರವಿಕೆ ಬಟ್ಟೆಯ ಗಂಟನ್ನು ಹಿಂದಿನ ಸೀಟಿಗೆ ಬಿಗಿದು, ಬಾದಾಮಿ ಮತ್ತು ಪಟ್ಟದಕಲ್ಲಿನ ಅಂಗಡಿಗಳಿಗೆ ಮೂರು ವರ್ಷದಿಂದ ಒಬ್ಬಳೇ ಮುಟ್ಟಿಸುತ್ತಿದ್ದಳು.

ಮಣ್ಣು ಹೋದ ಮೇಲೆ ಇಮಾಮಹುಸೇನನ ಕೈ ನಿಂತಿತು. ಹಿಂದಿನ ಚಕ್ರದ ಎರಡೂ ಕಡೆ ಕುಲುಕು ತಡೆಯುವ ಒಂದೊಂದು ಶಾಕಪ್, ಅದರ ಸ್ಪ್ರಿಂಗಿನ ಬುಡದಲ್ಲಿ ಐದು ಮೆಟ್ಟಿಲಿನ ಒಂದು ಬಳೆ. ಬಳೆ ತಿರುಗಿಸಿ ಮೇಲಿನ ಮೆಟ್ಟಿಲಿಗೆ ಏರಿಸಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ, ಭಾರಕ್ಕೆ ಗಾಡಿ ಕುಸಿಯುವುದಿಲ್ಲ. ಎರಡೂ ಕಡೆ ಒಂದೇ ಮೆಟ್ಟಿಲಲ್ಲಿರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಒಂದು ಬದಿ ಕುಗ್ಗಿ, ಇನ್ನೊಂದು ಸೆಟೆದು, ಬೈಕಿನ ಹಿಂಭಾಗ ತಿರುಚಿಕೊಳ್ಳುತ್ತದೆ. ಇಲ್ಲಿ ಎಡಗಡೆಯದು ನಾಲ್ಕನೆಯ ಮೆಟ್ಟಿಲಲ್ಲಿತ್ತು. ಬಲಗಡೆಯದು ಎರಡರಲ್ಲಿ.

ಅವನು ಒರೆಸುವ ಬಟ್ಟೆಯನ್ನು ಬಲಗಡೆಯ ಶಾಕಪ್ಪಿನ ಮೇಲೆ ಹಾಕಿದ. “ಆಗ್ಲಿ, ಗಿರಾಕಿ ನೋಡ್ತೇನಿ” ಎಂದ. ಹೊಳಬಸಪ್ಪ ಬಸ್ಸು ಹಿಡಿಯಲು ಹೋದ.

ಮೂರು ವಾರದ ಹಿಂದೆ ಐಶ್ವರ್ಯ ಬಂದು, ಗಂಟು ಹೇರಿದರೆ ಗಾಡಿ ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ ಎಂದಿದ್ದಳು. ಅಂದು ಶುಕ್ರವಾರ. ಎಡಗಡೆಯ ಬಳೆ ಏರಿಸುವಷ್ಟರಲ್ಲಿ ನಮಾಜಿನ ಹೊತ್ತಾಯಿತು. ಇಮಾಮಹುಸೇನ ಬಳೆ ತಿರುಗಿಸುವ ಪಾನಾ ಇಟ್ಟು, ಕೈಯ ಮಸಿ ತೊಳೆದು, ಬಿಳಿ ಅಂಗಿ ತೊಟ್ಟು ಹೋದ. ಮರಳಿ ಬಂದಾಗ ಅವಳು ಅವಸರದಲ್ಲಿ ನಿಂತಿದ್ದಳು. ಬಲಗಡೆ ಆಗಿದೆಯೋ ಇಲ್ಲವೋ ಎಂಬ ಅನುಮಾನ ಒಂದು ಕ್ಷಣ ಬಂದಿತ್ತು. ಬಗ್ಗಿ ನೋಡಿದರೆ ಅಂಗಿಗೆ ಮಸಿಯಾಗುತ್ತಿತ್ತು. ಸೀಟನ್ನು ಎರಡು ಬೆರಳಲ್ಲಿ ಒತ್ತಿ, ಕೀಲಿ ಕೊಟ್ಟ.

ಅವನ ತಂದೆ ಜಾಫರಸಾಬ ಸ್ಟೇಷನ್ನಿನಿಂದ ಟಾಂಗಾ ಹೊಡೆಯುತ್ತಿದ್ದ. ಟಾಂಗಾದ ಸ್ಪ್ರಿಂಗ್ ಪಟ್ಟಿ ಬಿಗಿದ ದಿನ ಮೊದಲು ತಾನೇ ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹಾಕಿಸಿಕೊಳ್ಳುತ್ತಿದ್ದ, ಆಮೇಲೆಯೇ ಸವಾರಿ. ಮೂವತ್ತೊಂದು ವರ್ಷದಿಂದ ಮಗನೂ ಹಾಗೆಯೇ ಓಡಿಸಿ ನೋಡಿಯೇ ಗಾಡಿ ಕೊಡುತ್ತ ಬಂದಿದ್ದ, ಆ ಶುಕ್ರವಾರದವರೆಗೆ.

ವಾರ ಕಳೆದು ಐಶ್ವರ್ಯ ಮತ್ತೆ ಬಂದಿದ್ದಳು. “ಕಾಕಾ, ಈಗ ಮೊದಲಿನಕಿಂತ ಜಾಸ್ತಿ ಬಳಕತೈತ್ರಿ.” ಪಕ್ಕದ ಖಾದರಬಾಷಾನ ಚಹಾದಂಗಡಿಯ ಮುಂದೆ ನಾಲ್ಕು ಜನ ಕೂತಿದ್ದರು. ಇಮಾಮಹುಸೇನ ಅವರತ್ತ ತಿರುಗಿ, “ಗಾಡಿ ಬಳಕೂದಿಲ್ಲ ಯವ್ವ, ನಡಸೋರು ಬಳಕತಾರ” ಎಂದಿದ್ದ. ಎಲ್ಲರೂ ನಕ್ಕಿದ್ದರು. ಆ ಮಾತು ಅವಳಿಗಿಂತ ಮೊದಲು ಗುಳೇದಗುಡ್ಡ ತಲುಪಿತ್ತು.

ಈ ಸೋಮವಾರ ಸಂಜೆ ಅವನು ಊಟಕ್ಕೆ ಕೂತರೂ ರೊಟ್ಟಿ ಮುರಿಯಲಿಲ್ಲ. ಹೆಂಡತಿ ಅಲೀಮಾ ಕೇಳಿದಾಗ ಎಲ್ಲವನ್ನೂ ಹೇಳಿದ.

“ಬಳಿ ತಿರುವಿಬಿಟ್ರ ಯಾರಿಗೂ ಗೊತ್ತಾಗೂದಿಲ್ಲ” ಎಂದೂ ಸೇರಿಸಿದ.

“ನಿಮಗ ಗೊತ್ತಾಗೇತೆಲ್ರಿ” ಎಂದು ಅಲೀಮಾ ಸಾರಿನ ಪಾತ್ರೆ ಎತ್ತಿಕೊಂಡು ಹೋದಳು.

ಮಂಗಳವಾರ ಬಳೆ ಮುಟ್ಟದೆ, ಹಿಂದಿನ ಸೀಟಿಗೆ ಉಸುಕಿನ ಚೀಲ ಬಿಗಿದು, ಬಳಸುದಾರಿಯಾದರೂ ಸರಿ ಎಂದು ಮಹಾಕೂಟದ ಕಡೆಯಿಂದಲೇ ಗುಳೇದಗುಡ್ಡಕ್ಕೆ ಹೊರಟ. ತಿರುವಿನಲ್ಲಿ ಗಾಡಿಯ ಹಿಂಭಾಗ ಅವನಿಗಿಂತ ಮೊದಲು ರಸ್ತೆಯ ಅಂಚಿಗೆ ಸರಿಯಿತು. ಬ್ರೇಕ್ ಒತ್ತಿ ನಿಂತ. ಇದರ ಮೇಲೆ ಅವಳು ಒಂದೇ ಸಲ ಬಿದ್ದದ್ದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ.

ಗುಳೇದಗುಡ್ಡದ ಮನೆಯಲ್ಲಿ ಮಗ್ಗ ನಿಲ್ಲಿಸಿ ಹೊಳಬಸಪ್ಪ ಹೊರಬಂದ. ಐಶ್ವರ್ಯ ಬಾಗಿಲಲ್ಲೇ ನಿಂತಳು, ಮೊಣಕಾಲು ಮಡಚದೆ. ಇಮಾಮಹುಸೇನ ಇಬ್ಬರನ್ನೂ ಕರೆದು ಎರಡೂ ಬಳೆ ತೋರಿಸಿದ.

“ತಪ್ಪು ನಂದು. ಆಕಿ ಕೈ ನೆಟ್ಟಗ ಅದಾವು. ಅಂಗಿ ಹೊಲಸಾಗ್ತೈತಂತ ನಾ ಬಗ್ಗಿ ನೋಡ್ಲಿಲ್ಲ.”

ಹೊಳಬಸಪ್ಪ ಗಾಡಿ ನೋಡಿದ, ಮಗಳನ್ನು ನೋಡಿದ.

“ನಮ್ಮಪ್ಪಗ ಹೇಳಿದ್ರಿ, ಛಲೋ ಆತು” ಎಂದಳು ಐಶ್ವರ್ಯ. “ಚಹಾದಂಗಡ್ಯಾಗ ನಕ್ಕೋರಿಗೆ ಯಾರು ಹೇಳೋರು, ಕಾಕಾ?”

ಇಮಾಮಹುಸೇನ ಪಾನಾ ತೆಗೆದು ಬಲಗಡೆಯ ಬಳೆಯನ್ನು ನಾಲ್ಕಕ್ಕೆ ಏರಿಸಿದ. ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮರಳಿದ.

ಬುಧವಾರ ಬೆಳಿಗ್ಗೆ ಖಾದರಬಾಷಾನ ಅಂಗಡಿಯಲ್ಲಿ ಅದೇ ನಾಲ್ವರ ಎದುರು ನಿಂತು, ತಪ್ಪು ತನ್ನದೇ ಎಂದು ಹೇಳಿದ. “ಹಂಗಾದ್ರ ಬಳಕೋನು ನೀನ ಅನ್ನಲೇ!” ಎಂದ ಒಬ್ಬ. ಮಿಕ್ಕವರು ಅಂದು ನಕ್ಕಿದ್ದಕ್ಕಿಂತ ಜೋರಾಗಿ ನಕ್ಕರು. ಇಮಾಮಹುಸೇನ ಲೋಟದಲ್ಲಿದ್ದ ಚಹಾ ಮುಗಿಯುವವರೆಗೆ ಅಲ್ಲೇ ನಿಂತಿದ್ದ.

ಮುಂದಿನ ವಾರದಿಂದ ಐಶ್ವರ್ಯ ಮತ್ತೆ ಪಟ್ಟದಕಲ್ಲಿಗೆ ಖಣ ಒಯ್ಯತೊಡಗಿದಳು. ಗಾಡಿ ರಿಪೇರಿಯನ್ನು ಈಗ ಗುಳೇದಗುಡ್ಡದಲ್ಲೇ ಬೇರೆಯವರ ಹತ್ತಿರ ಮಾಡಿಸುತ್ತಾಳೆ.